ಮೂರನೆಯವಳ ಉಸಿರು

“ಹಸ ಮಾರ್ಬಿಟ್ವಿ ಕಣಪ್ಪ, ವಿಡಿಯೋ ಒಂದು ಉಳ್ಕಂಡೈತೆ,” ಎಂದಳು ಮುನಿವೆಂಕಟಮ್ಮ, ಸೆರಗಿನಿಂದ ಫೋನಿನ ಗಾಜು ಒರೆಸುತ್ತ. “ನೋಡು, ಕೆಚ್ಚಲು ನೋಡು. ಇಂಥ ಹಸ ಮಾರಕ್ಕೆ ಯಾರಿಗಾದ್ರೂ ಮನಸ್ಸು ಬತ್ತದಾ? ನನ್ಮಗನಿಗೆ ಬಂತು.”

ಚಲಪತಿ ಕೆಚ್ಚಲು ನೋಡುತ್ತಿರಲಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದ.

“ಅಯ್ಯೋ, ಕಿವೀಲಿ ನೋಡ್ತೀಯಲ್ಲಪ್ಪ ಹಸಾನ!”

“ಹಸು ಅಲ್ಲಮ್ಮ. ಹಿಂದೆ ಹಾಡು ಕೇಳ್ತಾ ಇದೆಯಲ್ಲ, ಅದು.”

“ಅದಾ? ಅದು ನಮ್ ಮಮತಂದು. ದಿನಾ ಇರೋದೇ ಅಲ್ವಾ...” ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೇ ಚುಚ್ಚಿತು. ಕೈಯಲ್ಲಿದ್ದ ಸೆರಗನ್ನು ಬಾಯಿಗೆ ಹಿಡಿದು ಪಕ್ಕದ ಮನೆಯ ಬೀಗದ ಕಡೆ ನೋಡಿದಳು.

ಕೊಳ್ಳುವವರಿಗೆ ಕಳಿಸಲೆಂದು ಅವಳ ಮಗ ಅಮರ್ ಕಳೆದ ಶುಕ್ರವಾರ ಸಂಜೆ ತೆಗೆದ ವಿಡಿಯೋ ಅದು. ಬಕೆಟ್ಟಿಗೆ ಹಾಲು ಬೀಳುವ ಸದ್ದು. ಅಮರ್‌ನ ದನಿ: “ನೋಡಿ ಗುರು, ಎರಡನೇ ಸೂಲು, ಒದೆಯೋದಿಲ್ಲ, ಹಾಯೋದಿಲ್ಲ, ಮಕ್ಳು ಬೇಕಾದ್ರೂ ಕರೀಬೋದು.” ಇವೆಲ್ಲದರ ಹಿಂದೆ, ಕಾಂಪೌಂಡಿನ ಆಚೆಯಿಂದ ತೇಲಿ ಬರುತ್ತಿದ್ದದ್ದು ಮಮತಳ ಹಾಡು. ಆ ಸಂಜೆಯ ಮೇಲೆ ಅವಳನ್ನು ತೂಬಗೆರೆಯಲ್ಲಿ ಕಂಡವರಿಲ್ಲ.

ಒಂದು ಕಾಲಕ್ಕೆ ‘ಮಿಂಚುಳ್ಳಿ ಗರ್ಲ್ಸ್’ ಬರುತ್ತಾರೆಂದರೆ ಗಣೇಶನ ಪೆಂಡಾಲಿನ ಮುಂದೆ ಕಾಲಿಡಲು ಜಾಗ ಸಿಗುತ್ತಿರಲಿಲ್ಲ. ಮೂವರು ಹುಡುಗಿಯರು, ಮೂವರಿಗೂ ಒಂದೇ ನೀಲಿ ಲಂಗ, ಒಂದೇ ಜಡೆ, ಕೇಳಿದರೆ ಒಂದೇ ಗಂಟಲು. ಬಸ್ಸಿನಲ್ಲಿ ಅವರ ಕ್ಯಾಸೆಟ್ಟು, ಹೋಟೆಲಿನಲ್ಲಿ ಅವರ ಕ್ಯಾಸೆಟ್ಟು, ಕಟಿಂಗ್ ಶಾಪಿನಲ್ಲಿ ಕತ್ತರಿ ಆಡುತ್ತಿದ್ದದ್ದೂ ಅವರ ತಾಳಕ್ಕೆ. ನಡುವೆ ನಿಲ್ಲುತ್ತಿದ್ದವಳು ಮಮತ. ಎಡಕ್ಕೆ ಶಿಲ್ಪ, ಬಲಕ್ಕೆ ಅಕ್ಷತ.

ಚಿಂತಾಮಣಿಯ ಕಡೆ ಕಾರ್ಯಕ್ರಮ ಮುಗಿಸಿ ವಾಪಸು ಬರುವಾಗ ಅವರ ವ್ಯಾನು ತುಂಬಿದ ಕೆರೆಯ ಏರಿಯಿಂದ ಉರುಳಿತು. ಮಮತ ಬದುಕಿದಳು, ಶಿಲ್ಪ ಬದುಕಿದಳು. ಅಕ್ಷತಳ ಹೆಣ ಕೂಡ ಸಿಗಲಿಲ್ಲ. ಒಂದು ಕಾಲಿನ ಗೆಜ್ಜೆ ಮಾತ್ರ ಕೆಸರಿನಲ್ಲಿ ಸಿಕ್ಕಿತು. ಮಿಂಚುಳ್ಳಿಗಳ ಹಾಡು ಅಲ್ಲಿಗೇ ನಿಂತುಹೋಯಿತು.

ಈಗ ಮಮತ ಕಾಣೆಯಾದಾಗ ಹುಡುಕಿಕೊಡಿ ಎಂದು ಬಂದವರು ಯಾರು? ಅಣ್ಣತಮ್ಮಂದಿರಲ್ಲ, ಅಂದು ಶಿಳ್ಳೆ ಹೊಡೆದವರಲ್ಲ. ಪಕ್ಕದ ಮನೆಯ ಮುನಿವೆಂಕಟಮ್ಮ. ಠಾಣೆಯಲ್ಲಿ “ಅವರು ನಿಮಗೇನಾಗಬೇಕಮ್ಮ?” ಎಂದು ಕೇಳಿದ್ದಕ್ಕೆ, “ಅವ್ಳ ಹಾಡು ಕೇಳ್ಕಂಡು ಹಾಲು ಕರೀತೀನಿ ಸಾಮಿ” ಎಂದಿದ್ದಳಂತೆ. ಠಾಣೆಯವರು ಹುಡುಕುತ್ತಿದ್ದರೂ ಅವಳಿಗೆ ಸಮಾಧಾನವಿಲ್ಲ. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನ ಎದುರು, ಪಾತ್ರೆ ಅಂಗಡಿಯ ಮಹಡಿಯಲ್ಲಿ ಪತ್ತೇದಾರನೆಂದು ಬೋರ್ಡು ಹಾಕಿಕೊಂಡಿದ್ದ ಚಲಪತಿಯನ್ನು ಹುಡುಕಿಕೊಂಡು ಬಂದಿದ್ದಳು.

ಪೊಲೀಸ್ ಕೆಲಸ ಬಿಟ್ಟ ಮೇಲೆ ಚಲಪತಿ ಪತ್ತೆ ಮಾಡಿದ್ದೆಲ್ಲ ಮದುವೆ ಗಂಡುಗಳ ಗುಣನಡತೆ ಮತ್ತು ಕಳೆದುಹೋದ ಸ್ಕೂಟರುಗಳು. ಆದರೆ ಮಮತ ಎಂಬ ಹೆಸರು ಕೇಳಿದ ಕೂಡಲೇ ಕುರ್ಚಿಯಿಂದ ಎದ್ದು ನಿಂತಿದ್ದ.

“ಅಮ್ಮಾ, ದಿನಾ ಹೀಗೇ ಹಾಡ್ತಿದ್ರಾ ಅವರು?” ಎಂದು ಈಗ ಕೇಳಿದ.

“ಹಿಂಗೇ. ದೀಪ ಹಚ್ಚೋದು, ಬಾಗ್ಲಲ್ಲಿ ನಿಂತ್ಕಳದು, ಇದೊಂದೇ ಹಾಡು. ಅದ್ರಲ್ಲೂ ಮೊದಲ್ನೇ ಸಾಲಲ್ಲೇ ಒಂದು ಮಾತು ನುಂಗೋಳು. ‘ಏರಿ ಮೇಲಿನ ಗಾಳಿಯೇ’ ಅನ್ನೋಳು, ಆಮೇಲೆ ಬಾಯಿ ಕಟ್ದಂಗೆ ಸುಮ್ಕಾಗೋಳು, ಆಮೇಲೆ ‘ಎಲ್ಲಿ ಹೊರಟೆಯೇ’. ನಾನೇ ಒಂದಿನ ಕೇಳ್ದೆ, ಏನವ್ವ ಮಮತ, ಮಾತು ಮರ್ತೋಯ್ತಾ ಅಂತ. ‘ಆ ಮಾತು ನಂದಲ್ಲ ಮುನಿವೆಂಕಟಕ್ಕ’ ಅಂತ ನಕ್ಕಳು. ಹಾಡೋಳು ಇವ್ಳು, ಮಾತು ಇವ್ಳದಲ್ವಂತೆ!”

ಚಲಪತಿ ವಿಡಿಯೋ ಹಿಂದಕ್ಕೆ ಸರಿಸಿ ಮತ್ತೆ ಕೇಳಿದ. ಹಾಲಿನ ಸದ್ದಿನ ಹಿಂದೆ ಹಾಡು ಬಂತು.

ಏರಿ ಮೇಲಿನ ಗಾಳಿಯೇ, ಹೇಳದೆ ಎಲ್ಲಿ ಹೊರಟೆಯೇ...

“‘ಹೇಳದೆ’ ಅನ್ನೋ ಮಾತು ಇದೆಯಲ್ಲಮ್ಮ ಇಲ್ಲಿ.”

ಮುನಿವೆಂಕಟಮ್ಮ ಫೋನು ಕಿತ್ತುಕೊಂಡು ತಾನೂ ಕಿವಿಗಿಟ್ಟಳು. ಹುಬ್ಬು ಗಂಟಾಯಿತು. “ಹೌದಲ್ಲ! ಅವತ್ತು ನಾನು ಗಮನ್ಸೇ ಇಲ್ಲ. ಹಸ ಹೋಯ್ತದಲ್ಲ ಅಂತ ಅಳ್ತಾ ಕೂತಿದ್ದೆ.”

“ಹಳೇ ವಿಡಿಯೋ ಏನಾದ್ರೂ ಇದೆಯಾ? ಸಂಜೆ ತೆಗೆದದ್ದು?”

“ಕರ ಹಾಕ್ದಾಗ ತಗ್ದಿದ್ದೈತೆ ನೋಡು.”

ಇತ್ತು. ಕರು ನಡುಗುತ್ತ ಎದ್ದು ನಿಲ್ಲುತ್ತಿದೆ, ಯಾರೋ ಜೋರಾಗಿ ನಗುತ್ತಿದ್ದಾರೆ, ಕಾಂಪೌಂಡಿನ ಆಚೆ ಅದೇ ಹಾಡು. ‘ಗಾಳಿಯೇ’ ಆದ ಮೇಲೆ ಒಂದು ಖಾಲಿ ಜಾಗ. ಮೆಟ್ಟಿಲಿದೆ ಅಂದುಕೊಂಡು ಕಾಲಿಟ್ಟರೆ ಮೆಟ್ಟಿಲಿಲ್ಲದ ಹಾಗೆ.

ಚಲಪತಿ ಎರಡು ವಿಡಿಯೋಗಳನ್ನೂ ಒಂದಾದ ಮೇಲೊಂದು ಕೇಳಿದ. ಶುಕ್ರವಾರದ ಹಾಡು ಬರೀ ಪೂರ್ತಿಯಾಗಿರಲಿಲ್ಲ. ದಪ್ಪವಾಗಿತ್ತು, ಎರಡು ಗಂಟಲು ಸೇರಿದ ಹಾಗೆ.

ಅವನಿಗೆ ಮಮತಳ ಅಡಿಗೆಮನೆ ಕಣ್ಣ ಮುಂದೆ ಬಂತು. ಬೀಗ ತೆಗೆಸಿ ನೋಡಿದಾಗ ಆ ಮನೆಯಲ್ಲಿ ಎಲ್ಲವೂ ಒಂದೊಂದೇ: ಒಂದು ದಿಂಬು, ಬಾಗಿಲ ಬಳಿ ಒಂದು ಕುರ್ಚಿ, ಗೂಟಕ್ಕೆ ಒಂದು ಟವೆಲು. ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ್ದ ತಟ್ಟೆಗಳು ಮಾತ್ರ ಎರಡು. ಊಟಕ್ಕೆ ಬಂದವರು ಹಾಡಿಗೂ ನಿಂತಿದ್ದಾರೆ. ಹಾಡಿಗೆ ನಿಲ್ಲಬಲ್ಲವರು ಈ ಭೂಮಿಯ ಮೇಲೆ ಉಳಿದಿರುವುದು ಒಬ್ಬಳೇ.

ಶಿಲ್ಪ. ಫೋನಿನಲ್ಲಿ ಕೇಳಿದಾಗ, “ಮಮತನ್ನ ನೋಡಿ ಇಪ್ಪತ್ತು ವರ್ಷದ ಮೇಲಾಯ್ತು ಸಾರ್” ಎಂದು ಹೇಳಿದ್ದ ಶಿಲ್ಪ.

“ಹೊರಟೆ ಅಮ್ಮ,” ಎಂದು ಬೈಕಿನ ಕೀ ತೆಗೆದ.

“ನಿಂತ್ಕೊ, ನಿಂತ್ಕೊ!” ಮುನಿವೆಂಕಟಮ್ಮ ಒಳಗೆ ಓಡಿ ಫ್ರಿಜ್ಜಿನ ಬಾಗಿಲು ತೆಗೆದಳು. ಮೊಟ್ಟೆಗಳ ಪಕ್ಕದಲ್ಲಿಟ್ಟಿದ್ದ ಪುಟ್ಟ ಗಾಜಿನ ಬಾಟಲಿ, ಕಿತ್ತಳೆ ಬಣ್ಣದ ಮುಚ್ಚಳದ್ದು. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಐಸ್ ತುಂಬಿದ ಅಗಲ ಬಾಯಿಯ ಫ್ಲಾಸ್ಕಿಗೆ ಇಳಿಸಿದಳು. “ಅವ್ಳ ಮನೆ ಫ್ರಿಜ್ಜು ಕೆಟ್ಟೋಗಿ ಎಷ್ಟೋ ಕಾಲ ಆಯ್ತು. ಇನ್ಸುಲಿನ್ನು ನಮ್ಮನೇಲೇ ಇಡೋಳು. ಬೆಳಿಗ್ಗೆ ಸಾಯಂಕಾಲ ಬಂದು ಚುಚ್ಕಂಡು, ಎರಡು ಮಾತಾಡಿ ಹೋಗೋಳು. ಹಳೇ ಬಾಟ್ಲು ಮುಗ್ದಿತ್ತು, ಇದು ಹೊಸದು. ಸೀಲು ಕೂಡ ಒಡ್ದಿಲ್ಲ ನೋಡು. ಇದ್ ಬಿಟ್ಟು ಎಲ್ಲಿಗೋದ್ಳು ಅವ್ಳು? ಎರಡು ದಿನ ತಪ್ಪಿದ್ರೆ ಕಣ್ ಕತ್ಲೆ ಬಂದು ಬಿದ್ದೋಗ್ತಾಳೆ. ಹೋದ್ಸಲ ಬಿದ್ದಾಗ ನಾನೇ ಆಟೋದಲ್ಲಿ ಹಾಕ್ಕಂಡೋಗಿದ್ದು.”

“ಇದನ್ನ ನಾನು ಏನು ಮಾಡ್ಲಿ?”

“ಜೊತೇಲೇ ಇಟ್ಕೊ. ಎಲ್ಲೇ ಸಿಕ್ಲಿ, ಯಾಕ್ ಹೋದೆ, ಎಲ್ ಹೋದೆ ಅಂತ ಕೇಳ್ಬೇಡ. ಮೊದ್ಲು ಇದು ಕೊಡು. ಬೈಯೋದೆಲ್ಲ ಆಮೇಲೆ ನಾನು ಬೈತೀನಿ.”

ಚಲಪತಿ ಫ್ಲಾಸ್ಕನ್ನು ಚೀಲದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡ. ದಾರಿಯುದ್ದಕ್ಕೂ ಹಂಪು ಬಂದಾಗಲೆಲ್ಲ ಐಸು ಗಾಜಿಗೆ ತಾಗಿ ಟಿಣ್ ಎನ್ನುತ್ತಿತ್ತು. ಯಾರೋ ಹಿಂದಿನ ಸೀಟಿನಲ್ಲಿ ಕೂತು ಜ್ಞಾಪಿಸುತ್ತಿರುವ ಹಾಗೆ.

ಬಾಶೆಟ್ಟಿಹಳ್ಳಿಯಲ್ಲಿ ಶಿಫ್ಟು ಬದಲಾಗುವ ಹೊತ್ತಿಗೆ ಇನ್ನೂ ಸಮಯವಿತ್ತು. ಅವನು ಮೊದಲು ಶಿಲ್ಪ ಕೆಲಸ ಮಾಡುವ ಗಾರ್ಮೆಂಟ್ಸ್ ಫ್ಯಾಕ್ಟರಿಯ ಗೇಟಿಗೆ ಹೋಗಿ, ಅಲ್ಲಿ ಟೀ ಕುಡಿಯುತ್ತಿದ್ದವರ ಜೊತೆ ತಾನೂ ಟೀ ಕುಡಿದ. ಆಮೇಲೆ ಹಿಂದಿನ ರಸ್ತೆಯಲ್ಲಿ ಅವಳ ಮನೆ ಹುಡುಕಿದ. ಮೂರಂತಸ್ತಿನ ಕಟ್ಟಡ, ಮಹಡಿಗೆ ನಾಲ್ಕು ಬಾಡಿಗೆ ಮನೆ. ಕಂಬಿಗಳ ಮೇಲೆಲ್ಲ ಒಂದೇ ಬಣ್ಣದ ಫ್ಯಾಕ್ಟರಿ ಯೂನಿಫಾರಂಗಳು ಒಣಗುತ್ತಿದ್ದವು.

ಬಾಗಿಲು ತೆಗೆದವಳ ತಲೆ ಅರ್ಧ ನರೆತಿತ್ತು. ಕನ್ನಡಕ ಹಣೆಯ ಮೇಲಿತ್ತು. ಒಳಗೆ ಟೀವಿ ಜೋರಾಗಿ ಕಿರುಚುತ್ತಿತ್ತು.

“ಚಲಪತಿ ಅಂತ. ಫೋನ್ ಮಾಡಿದ್ನಲ್ಲ ಮೇಡಂ.”

“ಓ, ಬನ್ನಿ ಸಾರ್. ಚಪ್ಪಲಿ ಪರವಾಗಿಲ್ಲ, ಬನ್ನಿ.”

ಚಿಕ್ಕ ಹಾಲು. ಒಂದು ಮಂಚ, ಮೂಲೆಯಲ್ಲಿ ಫ್ರಿಜ್ಜು, ಅದರ ಪಕ್ಕ ಅಡಿಗೆಯ ಕಟ್ಟೆ. ಒಳಕೋಣೆಯ ಬಾಗಿಲು ಮುಚ್ಚಿತ್ತು; ಚಿಲಕಕ್ಕೆ ಅವಳ ಐಡಿ ಕಾರ್ಡು ನೇತುಬಿದ್ದಿತ್ತು. ಟೀವಿಯಲ್ಲಿ ಯಾರೋ ಬದನೆಕಾಯಿ ಹೆಚ್ಚುತ್ತಿದ್ದರು.

“ಅಡಿಗೆ ಕಾರ್ಯಕ್ರಮ ನೋಡ್ತೀರಾ?”

“ನೋಡೋದಿಲ್ಲ ಸಾರ್. ಮನೇಲಿ ಮಾತಿರ್ಲಿ ಅಂತ ಹಾಕಿರ್ತೀನಿ.” ಸ್ವಲ್ಪ ಸದ್ದು ಕಡಿಮೆ ಮಾಡಿದಳು, ಆರಿಸಲಿಲ್ಲ.

ಚಲಪತಿ ಫ್ಲಾಸ್ಕಿನಿಂದ ಬಾಟಲಿ ತೆಗೆದು ಪ್ಲಾಸ್ಟಿಕ್ಕು ಬಿಚ್ಚಿದ. “ಇದನ್ನ ಸ್ವಲ್ಪ ಫ್ರಿಜ್ಜಲ್ಲಿ ಇಡ್ತೀರಾ ಮೇಡಂ? ಐಸು ಕರಗ್ತಾ ಇದೆ.”

ಶಿಲ್ಪ ಬಾಟಲಿಯನ್ನು ತಿರುಗಿಸಿ ನೋಡಿದಳು. “ನಿಮಗೂ ಸಕ್ಕರೆನಾ ಸಾರ್?”

“ನಿಮಗಿದೆಯಾ?”

“ನಂಗಾ? ಅಯ್ಯೋ, ಇಲ್ಲಪ್ಪ. ನಮ್ ಲೈನಲ್ಲಿ ಅರ್ಧ ಜನಕ್ಕೆ ಐತೆ, ಅದಕ್ಕಂದೆ.” ಬಾಟಲಿ ಒಳಗಿಟ್ಟು, ಬಾಗಿಲನ್ನು ಮೊಣಕಾಲಿನಿಂದ ದೂಡಿ ಮುಚ್ಚಿದಳು. ಕಾಫಿ ಬೆರೆಸಿ ತಂದವಳು, ತನ್ನ ಲೋಟಕ್ಕೆ ಎರಡು ಚಮಚ ಸಕ್ಕರೆಯನ್ನು ಅವನಿಗೆ ಕಾಣುವ ಹಾಗೇ ಹಾಕಿಕೊಂಡಳು.

ಚಲಪತಿ ಒಂದು ಗುಟುಕು ಕುಡಿದ. “ಹೊಸಕೋಟೇಲಿ ನಿಮ್ಮ ಪ್ರೋಗ್ರಾಂಗೆ ನಾನು ಬಂದೋಬಸ್ತಿಗಿದ್ದೆ ಮೇಡಂ. ಆಗ ತಾನೇ ಕಾನ್‌ಸ್ಟೇಬಲ್ ಆಗಿದ್ದೆ. ಜನ ನುಗ್ಗಬಾರದು ಅಂತ ಹಗ್ಗ ಹಿಡ್ಕೊಂಡು ನಿಂತಿದ್ದೆ.”

“ಯಾವ ಕಡೆ ನಿಂತಿದ್ರಿ?”

“ಬಲಗಡೆ.”

“ಹಂಗಾದ್ರೆ ನನ್ನ ನೋಡಿರಲ್ಲ ಬಿಡಿ. ಬಲಗಡೆ ನಿಂತೋರೆಲ್ಲ ಅಕ್ಷತನ್ನೇ ನೋಡೋರು.” ನಕ್ಕಳು. ನಕ್ಕಾಗ ಮಾತ್ರ, ಒಂದು ಕ್ಷಣ, ಕ್ಯಾಸೆಟ್ಟಿನ ಮೇಲಿನ ಹುಡುಗಿ ಕಂಡಳು.

“ಈಗ ಹಾಡ್ತೀರಾ?”

“ಫ್ಯಾಕ್ಟ್ರೀಲಿ ಯಾರಿಗೂ ಗೊತ್ತಿಲ್ಲ ಸಾರ್. ಹೋದ ರಾಜ್ಯೋತ್ಸವಕ್ಕೆ ನಮ್ ಹುಡುಗೀರು ನಮ್ಮ ಹಾಡಿಗೇ ಡ್ಯಾನ್ಸ್ ಮಾಡಿದ್ರು, ಮೊಬೈಲಲ್ಲಿ ಹಾಕ್ಕೊಂಡು. ಯಾರ್ದೋ ಹಳೇ ಹಾಡಂತೆ, ಸಖತ್ತಾಗಿದೆ ಮೇಡಂ ಅಂದ್ರು. ನಾನು ಲಾಡು ಹಂಚ್ತಿದ್ದೆ. ಹೌದೇನ್ರೇ, ಚೆನ್ನಾಗಿದೆ ಅಂದೆ.” ಕಾಫಿ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. “ಮಿಷನ್ನುಗಳೆಲ್ಲ ಒಟ್ಟಿಗೆ ಓಡುವಾಗ ಬಾಯಿ ಬಿಟ್ಟು ಹಾಡಿದ್ರೂ ಪಕ್ಕದೋಳಿಗೆ ಕೇಳಲ್ಲ. ಅಲ್ಲಿ ಹಾಡ್ಕೊಳ್ತೀನಿ. ನಂಗೂ ಕೇಳಲ್ಲ ಅನ್ನಿ.”

“ಇಲ್ಲಿ ಒಂದು ಸಲ ಹಾಡಿ. ‘ಏರಿ ಮೇಲಿನ ಗಾಳಿಯೇ’.”

“ಮರ್ತೋಗಿದೆ ಸಾರ್.”

“ಹಗ್ಗ ಹಿಡ್ಕೊಂಡಿದ್ದೋನಿಗೋಸ್ಕರ.”

ಶಿಲ್ಪ ಒಳಕೋಣೆಯ ಬಾಗಿಲ ಕಡೆ ನೋಡಿದಳು, ಕಿಟಕಿಯ ಕಡೆ ನೋಡಿದಳು. ಆಮೇಲೆ ಕಣ್ಣು ಮುಚ್ಚಿ, ಬಹಳ ಸಣ್ಣದಾಗಿ ಎತ್ತಿಕೊಂಡಳು.

ಏರಿ ಮೇಲಿನ ಗಾಳಿಯೇ, ಹೇಳದೆ ಎಲ್ಲಿ ಹೊರಟೆಯೇ
ಬಾಗಿಲಲ್ಲಿ ದೀಪವಿಟ್ಟು... ನಾನು ನಿಂತೆನೇ
ಹೋದ ದಾರಿ ಮರೆಯದಂತೆ ತಿರುಗಿ ನೀನು ಬರುವೆಯೇ

ದನಿ ಸೊರಗಿತ್ತು. ಆದರೆ ದಾರಿ ತಪ್ಪಲಿಲ್ಲ. ಚಲಪತಿ ಕೆಲಸ ಮರೆಯಬಾರದೆಂದು ಲೋಟ ಕೆಳಗಿಟ್ಟ.

“ಎರಡನೇ ಸಾಲಲ್ಲಿ ‘ಸಂಜೆ’ ಅನ್ನೋ ಮಾತು ಬಿಟ್ರಿ.”

“ಎಲ್ಲಿ ಬಿಟ್ಟೆ?”

“‘ದೀಪವಿಟ್ಟು ಸಂಜೆ ನಾನು ನಿಂತೆನೇ.’ ಆ ‘ಸಂಜೆ’ ಇರಲಿಲ್ಲ.”

ಶಿಲ್ಪ ತುಟಿಯಲ್ಲೇ ಮತ್ತೆ ಒಂದು ಸಲ ಹೇಳಿಕೊಂಡಳು. ಆಮೇಲೆ ಹಣೆ ಚಚ್ಚಿಕೊಂಡಳು. “ಅದು ನನ್ನ ಉಸಿರಿನ ಜಾಗ ಸಾರ್! ನರಸಿಂಹಯ್ಯ ಮೇಷ್ಟ್ರು ಮಾಡಿಸಿದ ಅಭ್ಯಾಸ. ಸಾಲು ಮುಗಿಯೋ ಕಡೆ ಮೂವರೂ ಒಟ್ಟಿಗೆ ಉಸಿರು ತಗೊಂಡ್ರೆ ಹಾಡು ಬಿರುಕು ಬಿಡುತ್ತೆ ಅನ್ನೋರು. ಅದಕ್ಕೆ ಒಬ್ಬೊಬ್ಬಳಿಗೆ ಒಂದೊಂದು ಸಾಲು. ಅವಳ ಸಾಲಲ್ಲಿ ಅವಳು ಒಂದು ಮಾತು ಬಿಟ್ಟು ಉಸಿರು ತಗೋಬೇಕು, ಆ ಮಾತನ್ನ ಮಿಕ್ಕಿಬ್ರು ಹೊರ್ಬೇಕು. ಕೇಳೋರಿಗೆ ಮೂರು ಜನ ಉಸಿರೇ ಆಡ್ದೆ ಹಾಡ್ತಾರೆ ಅನ್ಸ್ಬೇಕು. ತಪ್ಪಿದ್ರೆ ಕೂದಲು ಹಿಡಿದು ಎಳೆಯೋರು. ಮೈಗೆ ಹತ್ತಿಬಿಟ್ಟಿದೆ ನೋಡಿ. ಹೊರೋರು ಯಾರೂ ಇಲ್ದಿದ್ರೂ ಬಿಡ್ತೀನಿ.”

ಆ ಮಾತು ನಂದಲ್ಲ ಮುನಿವೆಂಕಟಕ್ಕ.

“ಮೊದಲನೇ ಸಾಲಿನ ‘ಹೇಳದೆ’ ಮಮತ ಅವರ ಜಾಗ, ಅಲ್ವಾ?”

ಶಿಲ್ಪಳ ನಗು ನಿಂತಿತು. “ನಿಮಗೆ ಹೇಗೆ ಗೊತ್ತು?”

“ಅವರು ದಿನಾ ಆ ಮಾತು ಬಿಟ್ಟು ಹಾಡ್ತಿದ್ರು. ಶುಕ್ರವಾರ ಸಂಜೆ ಮಾತ್ರ ಯಾರೋ ಅದನ್ನ ಅವರಿಗೋಸ್ಕರ ಹೊತ್ತಿದ್ದಾರೆ. ಅವರ ಮನೇಲಿ ಎರಡು ತಟ್ಟೆ ತೊಳೆದಿಟ್ಟಿತ್ತು.” ಅವನು ಮುಂದಕ್ಕೆ ಬಾಗಿದ. “ನಿಮ್ಮ ಮೂವರಲ್ಲಿ ಒಬ್ಬರು ತೀರಿಹೋದ್ರು. ಒಬ್ಬರು ಕಾಣೆ. ಉಳಿದೋರು ಯಾರು ಮೇಡಂ?”

“ನಾನು ಹೋಗಿಲ್ಲ.”

“ಶುಕ್ರವಾರ ಎಲ್ಲಿದ್ರಿ?”

“ಸೆಕೆಂಡ್ ಶಿಫ್ಟು. ಫ್ಯಾಕ್ಟ್ರೀಲಿ.”

“ರಜ ಹಾಕಿದ್ರಿ. ಗೇಟಲ್ಲಿ ಟೀ ಕುಡ್ಕೊಂಡೇ ಬಂದಿದ್ದೀನಿ.”

ಟೀವಿಯವರು ಒಗ್ಗರಣೆ ಹಾಕಿದರು. ಚರ್ ಎಂದಿತು.

“ಜ್ವರ ಇತ್ತು ಸಾರ್. ಇದೇ ಮಂಚದ ಮೇಲೆ ಬಿದ್ಕೊಂಡಿದ್ದೆ.” ಅವಳ ದನಿ ಏರಿತು. “ಬಿದ್ಕೊಂಡಿದ್ದಕ್ಕೆ ಸಾಕ್ಷಿ ಯಾರನ್ನ ಕರೀಲಿ? ಒಂದು ಲೋಟ ಗಂಜಿ ಕಾಯಿಸಿಕೊಟ್ಟೋರು ಇದ್ದಿದ್ರೆ ಅವರನ್ನೇ ಕರೀತಿದ್ದೆ. ಈ ಟೀವೀನ ಕೇಳಿ, ಹೇಳುತ್ತೇನೋ!”

“ಜಗಳ ಏನಕ್ಕೆ ಆಗಿತ್ತು ನಿಮ್ಮಿಬ್ಬರಿಗೆ?”

“ಜಗಳಾನೇ ಆಗ್ಲಿಲ್ಲ ಸಾರ್. ಆಗಿದ್ರೆ ಎಷ್ಟೋ ಚೆನ್ನಾಗಿತ್ತು. ಒಬ್ಬರನ್ನೊಬ್ಬರು ನೋಡಿದ್ರೆ ಮಧ್ಯದಲ್ಲಿ ಅವಳೂ ಕಾಣೋಳು. ಅದಕ್ಕೇ ನೋಡೋದು ಬಿಟ್ವಿ. ಇವತ್ತು ಬಿಡೋಣ ಅಂತ ಬಿಟ್ವಿ, ನಾಳೆ ಹೋಗೋಣ ಅಂದ್ಕೊಂಡ್ವಿ. ಅಷ್ಟರಲ್ಲಿ ತಲೆ ನರೆದೋಯ್ತು.” ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. “ತೂಬಗೆರೆ ಎಷ್ಟು ದೂರ ಸಾರ್ ಇಲ್ಲಿಂದ? ಬಸ್ಸು ಹತ್ತಿದ್ರೆ ಒಂದು ನಿದ್ದೆ ಕೂಡ ಆಗಲ್ಲ.”

ಚಲಪತಿಗೆ ಅಯ್ಯೋ ಅನ್ನಿಸಿತು. ಆದರೆ ಅಯ್ಯೋ ಅನ್ನಿಸಿದಾಗಲೇ ಎಚ್ಚರವಾಗಿರಬೇಕು ಎಂಬುದನ್ನು ಅವನು ಠಾಣೆಯಲ್ಲಿ ಕಲಿತಿದ್ದ. ಅಮರ್ ತನ್ನ ಫೋನಿಗೂ ಕಳಿಸಿದ್ದ ವಿಡಿಯೋ ತೆಗೆದು ಅವಳ ಮುಂದಿಟ್ಟ.

“ಹಸು!” ಎಂದಳು ಶಿಲ್ಪ ಬೆಪ್ಪಾಗಿ.

“ಹಸು ಬಿಡಿ. ಹಿಂದೆ ಕೇಳಿ.”

ಹಾಡು ಬಂತು. ಶಿಲ್ಪ ಕೈ ಚಾಚಿ ಟೀವಿಯ ಸದ್ದನ್ನು ಪೂರಾ ಇಳಿಸಿದಳು. ಮೊದಲ ಸಾಲಿಗೆ ಅವಳ ತುಟಿ ಜೊತೆಗೇ ಆಡಿತು. ಎರಡನೆಯ ಸಾಲಿಗೆ ಕುತ್ತಿಗೆ ಮುಂದೆ ಬಂತು. ಮೂರನೆಯ ಸಾಲಿಗೆ ಬಂದಾಗ ಅವಳು ಮಂಚದಿಂದ ಎದ್ದುಬಿಟ್ಟಿದ್ದಳು.

“ಇನ್ನೊಂದ್ಸಲ ಹಾಕಿ ಸಾರ್.”

ಹಾಕಿದ.

“ನನ್ನ ಸಾಲು ಕೇಳಿ. ‘ದೀಪವಿಟ್ಟು ಸಂಜೆ’. ಆ ‘ಸಂಜೆ’ ಎಷ್ಟು ದಪ್ಪ ಇದೆ ನೋಡಿ. ಎರಡು ದನಿ. ನಾನಾಗಿದ್ರೆ ಅಲ್ಲಿ ಉಸಿರು ತಗೋಬೇಕಿತ್ತು, ಮಮತ ಒಬ್ಬಳೇ ಉಳೀಬೇಕಿತ್ತು.”

ಚಲಪತಿ ಮತ್ತೆ ಕೇಳಿದ. ನಿಜ. ‘ಸಂಜೆ’ಯಲ್ಲಿ ಎರಡು ದನಿ ಹೆಣೆದುಕೊಂಡಿದ್ದವು. ಈಗಷ್ಟೇ ಕಣ್ಣೆದುರು, ತನಗೆ ತಿಳಿಯದೆಯೇ ಆ ಮಾತು ನುಂಗಿದ ಹೆಂಗಸು ಅಲ್ಲಿ ಹಾಡಿರಲು ಸಾಧ್ಯವಿಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಕೇಸು ಮಣ್ಣಿನ ಗೋಡೆಯ ಹಾಗೆ ಕುಸಿಯಿತು.

“ಮತ್ತೆ ಅವರು ಉಸಿರು ತಗೊಂಡಿದ್ದು ಎಲ್ಲಿ?”

ಶಿಲ್ಪ ವಿಡಿಯೋವನ್ನು ತಾನೇ ಒತ್ತಿದಳು. ಹೋದ ದಾರಿ ಮರೆಯದಂತೆ... ದಪ್ಪ ದನಿ, ಎರಡು ದನಿ... ತಿರುಗಿ...

ಆ ಒಂದು ಮಾತಿನಲ್ಲಿ ದನಿ ಸಣ್ಣಗಾಯಿತು. ಒಂದೇ ಉಳಿಯಿತು. ಮಮತ ಒಬ್ಬಳೇ ಅದನ್ನು ಹೊತ್ತು ದಾಟಿಸಿದಳು. ನೀನು ಬರುವೆಯೇ ಎನ್ನುವಾಗ ಮತ್ತೆ ಎರಡಾಯಿತು.

“‘ತಿರುಗಿ’ ಯಾರ ಜಾಗ?”

ಶಿಲ್ಪ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತಳು.

“ಮೇಡಂ. ಯಾರ ಜಾಗ?”

“ಅಕ್ಷತಂದು.”

ಹೊರಗೆ ಫ್ಯಾಕ್ಟರಿಯ ಸೈರನ್ನು ಕೂಗಿತು.

“ಬೇರೆ ಯಾರಾದ್ರೂ ಕ್ಯಾಸೆಟ್ ಕೇಳಿ ಕಲ್ತಿರಬಹುದಲ್ಲ?”

“ಕ್ಯಾಸೆಟ್ಟಲ್ಲಿ ಉಸಿರು ಕೇಳಿಸಲ್ಲ ಸಾರ್. ಕೇಳಿಸಬಾರದು ಅಂತಾನೇ ಅಲ್ವಾ ಅಷ್ಟು ಏಟು ತಿಂದಿದ್ದು? ಎಲ್ಲಿ ಬಿಡ್ಬೇಕು ಅನ್ನೋದು ನಮ್ಮ ಮೂವರಿಗೆ ಗೊತ್ತಿತ್ತು, ಮೇಷ್ಟ್ರಿಗೆ ಗೊತ್ತಿತ್ತು. ಮೇಷ್ಟ್ರು ಇಲ್ಲ.” ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. “ಗೆಜ್ಜೆ ನಾನೇ ಕೈಯಾರೆ ತೊಳೆದು ಅವಳ ಅಮ್ಮನಿಗೆ ಕೊಟ್ಟೆ ಸಾರ್. ನಾನೇ ಕೊಟ್ಟೆ.”

ಚಲಪತಿ ಎದ್ದ. “ಅಕ್ಷತ ಬದುಕಿದ್ರೆ ಎಲ್ಲಿಗೆ ಹೋಗ್ತಾರೆ, ಮಮತ ಅವರನ್ನ ಎಲ್ಲಿಗೆ ಕರ್ಕೊಂಡು ಹೋಗಿರ್ತಾರೆ, ನಿಮಗೆ ಏನೇ ಹೊಳೆದ್ರೂ ಫೋನ್ ಮಾಡಿ. ಹೆಚ್ಚು ಟೈಮಿಲ್ಲ ಮೇಡಂ. ಮಮತ ಅವರಿಗೆ ಸಕ್ಕರೆ ಇದೆ. ನಾನು ತಂದಿರೋ ಬಾಟಲಿ ನಂದಲ್ಲ, ಅವರದು.”

“ಅವಳದಾ?”

“ಪಕ್ಕದ ಮನೆಯೋರು ಕೊಟ್ಟು ಕಳ್ಸಿದ್ದಾರೆ. ಎಲ್ಲೇ ಸಿಕ್ಲಿ, ಮೊದಲು ಇದು ಕೊಡಿ ಅಂತ.”

ಶಿಲ್ಪ ಅವನ ಮುಖವನ್ನೇ ನೋಡಿದಳು. ಥಟ್ಟನೆ ತಿರುಗಿ, ಕಣ್ಣೊರೆಸಿಕೊಳ್ಳುತ್ತಲೇ ಫ್ರಿಜ್ಜಿನೊಳಗೆ ಕೈ ಹಾಕಿದಳು. ಅವನ ಕೈಯಿಂದ ಫ್ಲಾಸ್ಕು ತೆಗೆದುಕೊಂಡು ಬಾಟಲಿಯನ್ನು ತಾನೇ ಒಳಗಿಳಿಸಿ, ಮುಚ್ಚಳ ಬಿಗಿಯಾಗಿ ತಿರುಗಿಸಿದಳು.

“ಹುಷಾರು ಸಾರ್, ಗಾಜು,” ಎಂದಳು.

“ಬರ್ತೀನಿ ಮೇಡಂ.”

ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಮೇಲೆ ಟೀವಿ ಮತ್ತೆ ಕಿರುಚಲು ಶುರು ಮಾಡಿತು.

ಕೆಳಗೆ ರಸ್ತೆ ತುಂಬ ಜನ. ಶಿಫ್ಟು ಬಿಟ್ಟವರು, ಶಿಫ್ಟಿಗೆ ಹೊರಟವರು, ಬಸ್ಸಿನ ಬಾಗಿಲಿಗೆ ಜೋತುಬಿದ್ದವರು. ಫ್ಲಾಸ್ಕನ್ನು ಅಲುಗಿಸಿದರೆ ಟಿಣ್ ಎನ್ನಲಿಲ್ಲ. ಬರೀ ನೀರಿನ ಸದ್ದು. ಮೂಲೆಯ ಜ್ಯೂಸ್ ಅಂಗಡಿಯವನ ಹತ್ತಿರ ಒಂದು ಹಿಡಿ ಐಸ್ ಕೇಳಿ, ಚಲಪತಿ ಮುಚ್ಚಳ ತಿರುಗಿಸಿದ. ಅಂಗಡಿಯವನು ಐಸ್ ಸುರಿಯಲು ಬಂದಾಗ ಬಾಟಲಿಗೆ ಏಟು ಬೀಳದಿರಲೆಂದು ಅದನ್ನು ಎರಡು ಬೆರಳಲ್ಲಿ ಮೇಲಕ್ಕೆತ್ತಿದ.

ಎತ್ತಿದ ಕೈ ಹಾಗೇ ನಿಂತಿತು.

ಮುನಿವೆಂಕಟಮ್ಮ ಕೊಟ್ಟ ಬಾಟಲಿಗೆ ಕಿತ್ತಳೆ ಮುಚ್ಚಳವಿತ್ತು, ಸೀಲು ಒಡೆದಿರಲಿಲ್ಲ. ಇದಕ್ಕೆ ಮುಚ್ಚಳವೇ ಇಲ್ಲ. ಬಾಯಿಯ ರಬ್ಬರಿನ ಮೇಲೆ ಸೂಜಿ ಚುಚ್ಚಿದ ಗುರುತುಗಳು. ಬಿಸಿಲಿಗೆ ಹಿಡಿದು ನೋಡಿದರೆ, ಒಳಗಿನ ಔಷಧಿ ಅರ್ಧಕ್ಕಿಂತ ಕೆಳಗಿತ್ತು. ತನಗೆ ಸಕ್ಕರೆಯಿಲ್ಲ ಎಂದವಳ ಫ್ರಿಜ್ಜಿನಲ್ಲಿ ಇದೇ ಔಷಧಿಯ ಇನ್ನೊಂದು ಬಾಟಲಿ ಮೊದಲೇ ಇತ್ತು.